ರಂಗೋಲಿ ಪುಡಿ, ಕೆಮ್ಮಣ್ಣು, ಹಿಡಿ ಎಳ್ಳು: ಕೈಯಾರೆ ಚಲಿಸುವ ಲೋಗೊ ಮಾಡುವ ಬಗೆ

ಅಕ್ಕ ಒಂದು ಅಡುಗೆ ಚಾನೆಲ್ ಶುರು ಮಾಡಿದಳು. ಜೋಳದ ರೊಟ್ಟಿ, ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಹೀಗೆ ನಮ್ಮ ಉತ್ತರ ಕರ್ನಾಟಕದ ಊಟ. ವಿಡಿಯೊದ ಮೊದಲಿಗೆ ಬರುವ ಲೋಗೊವನ್ನು ಯಾರಿಗೋ ದುಡ್ಡು ಕೊಟ್ಟು ಮಾಡಿಸಿದ್ದಳು. ಬಂಗಾರದ ಬಣ್ಣದ ಅಕ್ಷರ ಗಿರಗಿರ ತಿರುಗಿ, ಕಿಡಿ ಹಾರಿಸಿ ನಿಲ್ಲುತ್ತಿತ್ತು. ನಾಲ್ಕು ವಿಡಿಯೊ ಹಾಕಿದ ಮೇಲೆ ಅವಳೇ ಅಂದಳು: "ಇದು ಬಂಗಾರದ ಅಂಗಡಿ ಜಾಹೀರಾತು ಇದ್ದಂಗ ಐತಲ್ಲೋ ತಮ್ಮಾ. ಇದರಾಗ ರೊಟ್ಟಿ ಎಲ್ಲಿ ಐತಿ?"

ರೊಟ್ಟಿ ಇರುವ ಲೋಗೊವನ್ನು ಮನೆಯಲ್ಲೇ ಮಾಡಿದೆವು. ಕೆಮ್ಮಣ್ಣು ಬಳಿದ ಹಲಗೆ, ಅದರ ಮೇಲೆ ರಂಗೋಲಿ ಪುಡಿಯ 'ರ' ಅಕ್ಷರ, ಒಳಗೆ ಸಜ್ಜೆ ರೊಟ್ಟಿಗೆ ಹಚ್ಚಿದ ಹಾಗೆ ಕರಿ ಎಳ್ಳು. ಕ್ಯಾಮೆರಾ ಅಂದರೆ ನನ್ನ ಫೋನು, ಸ್ಟ್ಯಾಂಡ್ ಅಂದರೆ ಬಚ್ಚಲಮನೆಯ ಪ್ಲಾಸ್ಟಿಕ್ ಸ್ಟೂಲು. ಮೂರನೇ ಸಲಕ್ಕೆ ಸರಿಯಾಗಿ ಬಂತು. ಮೊದಲ ಎರಡು ಸಲ ಏನು ಕೆಟ್ಟಿತು ಅನ್ನುವುದನ್ನೂ ಸೇರಿಸಿ, ಇಡೀ ಕೆಲಸವನ್ನು ಹಂತ ಹಂತವಾಗಿ ಇಲ್ಲಿ ಬರೆದಿದ್ದೇನೆ.

ಕೈಯಿಂದ ಲೋಗೊ ಕುಣಿಸುವುದು ಹೊಸದೇನಲ್ಲ. ದೂರದರ್ಶನದ ಆ ಕಣ್ಣಿನ ಗುರುತು ನೆನಪಿದೆಯಲ್ಲ, ಎರಡು ಬಾಗಿದ ರೂಪಗಳು ಸುತ್ತುತ್ತ ಬಂದು ನಡುವಿನ ಗುಂಡನ್ನು ಅಪ್ಪಿ ನಿಲ್ಲುತ್ತಿದ್ದವು? ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ ದೇವಾಶಿಸ್ ಭಟ್ಟಾಚಾರ್ಯ ಬಿಡಿಸಿದ ಗುರುತು ಅದು. 1970ರ ದಶಕದಲ್ಲಿ ಅದನ್ನು ಕುಣಿಸಲು ಕಂಪ್ಯೂಟರ್ ಎಲ್ಲಿತ್ತು? ಚಿತ್ರದ ಪ್ರತಿಗಳನ್ನು ಕ್ಯಾಮೆರಾ ಕೆಳಗಿಟ್ಟು, ತಿರುಗಿಸುತ್ತ ಒಂದೊಂದೇ ಚೌಕಟ್ಟು (ಫ್ರೇಮ್) ತೆಗೆದರು. ನಾವು ಮಾಡುವುದೂ ಅದನ್ನೇ. ಸ್ವಲ್ಪ ಸರಿಸು, ಫೋಟೊ ತೆಗಿ, ಮತ್ತೆ ಸ್ವಲ್ಪ ಸರಿಸು. ಇದಕ್ಕೆ ಸ್ಟಾಪ್ ಮೋಷನ್ ಅಂತ ಹೆಸರು.

ಮೊದಲ ಪ್ರಶ್ನೆ: ಅಳಿಸಲು ಬರುತ್ತದೋ ಇಲ್ಲವೋ?

ಯಾವ ಮಾಧ್ಯಮ ಚೆಂದ ಅನ್ನುವ ಯೋಚನೆ ಆಮೇಲೆ. ಹಾಕಿದ್ದನ್ನು ಗುರುತು ಉಳಿಯದ ಹಾಗೆ ತೆಗೆಯಲು ಬರುತ್ತದೆಯೇ ಅಂತ ಮೊದಲು ನೋಡಿಕೊಳ್ಳಿ. ರಂಗೋಲಿ ಪುಡಿ, ಕಾಳು, ಹೂವಿನ ಎಸಳು, ಜೇಡಿಮಣ್ಣು, ಕತ್ತರಿಸಿದ ಕಾಗದ ಎಲ್ಲವನ್ನೂ ತೆಗೆಯಬಹುದು. ಬಣ್ಣ, ಮಸಿ, ಅಕ್ಕಿಹಿಟ್ಟಿನ ಲೇಪ, ಹೊಲಿಗೆ ಒಮ್ಮೆ ಬಿದ್ದರೆ ಬಿತ್ತು.

ತೆಗೆಯಲು ಬರುವ ಮಾಧ್ಯಮವಾದರೆ ಇಡೀ ಲೋಗೊವನ್ನು ಹಿಂದಿನಿಂದ ಮುಂದಕ್ಕೆ ಚಿತ್ರಿಸಬಹುದು. ಅಂದರೆ ಲೋಗೊವನ್ನು ಮೊದಲು ಪೂರ್ತಿ ಬಿಡಿಸಿ, ಮನಸ್ಸಿಗೆ ಒಪ್ಪುವವರೆಗೆ ತಿದ್ದಿ, ಆಮೇಲೆ ಚೂರು ಚೂರೇ ಅಳಿಸುತ್ತ ಫೋಟೊ ತೆಗೆಯುವುದು. ಕೊನೆಗೆ ಫೋಟೊಗಳ ಸಾಲನ್ನು ತಿರುಗಿಸಿ ಓಡಿಸಿದರೆ ಗೆರೆ ತಾನೇ ತಾನಾಗಿ ಮೂಡಿದ ಹಾಗೆ ಕಾಣುತ್ತದೆ.

ಹೀಗೇಕೆ ಮಾಡಬೇಕು ಅನ್ನುವುದು ನನಗೆ ಮೊದಲ ಸಲವೇ ಗೊತ್ತಾಯಿತು. ಆಗ ಖಾಲಿ ಹಲಗೆಯಿಂದ ಶುರು ಮಾಡಿದ್ದೆ. ಒಂದು ಚಿಟಿಕೆ ಪುಡಿ, ಒಂದು ಫೋಟೊ, ಇನ್ನೊಂದು ಚಿಟಿಕೆ, ಇನ್ನೊಂದು ಫೋಟೊ. ಇಪ್ಪತ್ತು ತುಂಡಾಗಿ ಎಳೆದ ಎಳೆ ಇಪ್ಪತ್ತು ತುಂಡಾಗಿಯೇ ಕಂಡಿತು, ಗಂಟು ಗಂಟಾಗಿ. ರಂಗೋಲಿ ಎಳೆಯುವವರ ಕೈ ನೋಡಿ: ಎಳೆ ಒಂದೇ ಉಸಿರಿನಲ್ಲಿ ಬೀಳುತ್ತದೆ, ನಡುವೆ ನಿಲ್ಲಿಸಿದರೆ ಅಲ್ಲೊಂದು ಗುಡ್ಡೆ ಏಳುತ್ತದೆ. ಅಕ್ಕ ಒಂದೇ ಸಲಕ್ಕೆ ಎಳೆದ ಗುಂಡನ್ನು ನಾನು ತುಂಡು ತುಂಡಾಗಿ ಅಳಿಸಿದ ಮೇಲೆಯೇ ಅವಳ ಕೈಬರಹ ಪರದೆಯ ಮೇಲೆ ಬಂದದ್ದು.

ಲೋಗೊ ಎಷ್ಟು ದೊಡ್ಡದಿರಬೇಕು?

ನಿಮ್ಮ ಲೋಗೊವನ್ನು ಹೆಚ್ಚಿನವರು ಫೋನಿನಲ್ಲೇ ನೋಡುವುದು. ಫೋನು ನೆಟ್ಟಗೆ ಹಿಡಿದಾಗ ಅಡ್ಡ ವಿಡಿಯೊ ಸುಮಾರು 7 ಸೆಂ.ಮೀ. ಅಗಲ, 4 ಸೆಂ.ಮೀ. ಎತ್ತರದಷ್ಟೇ ಕಾಣುತ್ತದೆ. ಅಷ್ಟರಲ್ಲಿ ಎಳೆ ಎದ್ದು ಕಾಣಬೇಕೆಂದರೆ ಅದು ಅಲ್ಲಿ ಹೆಚ್ಚುಕಡಿಮೆ ಒಂದು ಮಿಲಿಮೀಟರಿನಷ್ಟು ದಪ್ಪ ಇರಬೇಕು. ಕೈಯಲ್ಲಿ ಎಳೆಯುವ ಎಳೆ ಸುಮಾರು 4 ಮಿ.ಮೀ. ಇರುತ್ತದೆ. ಲೆಕ್ಕ ಹಾಕಿದರೆ ಹಲಗೆಯ ಮೇಲೆ ಚಿತ್ರಕ್ಕೆ ಬರುವ ಚೌಕಟ್ಟು 32 ಸೆಂ.ಮೀ. ಅಗಲ, 18 ಸೆಂ.ಮೀ. ಎತ್ತರ ಇದ್ದರೆ ಸರಿಹೋಗುತ್ತದೆ. ಅಂಗಳದಷ್ಟು ದೊಡ್ಡ ರಂಗೋಲಿ ಹಾಕಿ ಮೇಲಿಂದ ತೆಗೆಯುತ್ತೇನೆ ಅಂದರೆ ಫೋನಿನಲ್ಲಿ ಅದು ಜೇಡರ ಬಲೆಯ ಹಾಗೆ ಕಾಣುತ್ತದೆ.

ಅದೇ ಲೋಗೊವನ್ನು ಉದ್ದುದ್ದ ರೀಲ್ಸ್‌ಗೂ ಬಳಸಬೇಕಾಗುತ್ತದೆ. 18 ಸೆಂ.ಮೀ. ಎತ್ತರದ ಚಿತ್ರದಿಂದ ಉದ್ದುದ್ದ ಪಟ್ಟಿ ಕತ್ತರಿಸಿದರೆ ಅಗಲ 10 ಸೆಂ.ಮೀ. ಮಾತ್ರ ಸಿಗುತ್ತದೆ. ಹಾಗಾಗಿ ಅಕ್ಷರ 9 ಸೆಂ.ಮೀ. ಅಗಲ ಮೀರದಿರಲಿ, ಚೌಕಟ್ಟಿನ ನಟ್ಟನಡುವೆ ಇರಲಿ.

ಅಕ್ಷರದ ಆಯ್ಕೆ ನಿಮಗೆ ಬಿಟ್ಟದ್ದು. ಕನ್ನಡ ಅಕ್ಷರಗಳು ಗುಂಡಗಿರುವುದರಿಂದ ರಂಗೋಲಿಗೆ ಹೇಳಿ ಮಾಡಿಸಿದಂತಿವೆ. ನಾವು 'ರ' ಆರಿಸಿದ್ದು ರೊಟ್ಟಿಯ ಸಲುವಾಗಿ: ಗುಂಡು ರೊಟ್ಟಿ, ಮೇಲೊಂದು ತಲೆಕಟ್ಟು. ಹೆಸರಿನ ಅಷ್ಟೂ ಅಕ್ಷರಗಳನ್ನು ಪುಡಿಯಲ್ಲಿ ಬರೆಯಲು ಹೋಗಬೇಡಿ. ಒಂದಕ್ಷರ ಸಾಕು, ಹೆಸರನ್ನು ಆಮೇಲೆ ಕೆಳಗೆ ಬರೆಸಬಹುದು.

ಹಲಗೆ ಮತ್ತು ಪುಡಿ

45 × 30 ಸೆಂ.ಮೀ. ಪ್ಲೈವುಡ್ ತುಂಡು ಸಾಕು. ಬಡಗಿಯ ಹತ್ತಿರ ಕೇಳಿದರೆ ಉಳಿದದ್ದರಲ್ಲಿ ಕೊಡುತ್ತಾನೆ. ಕೆಮ್ಮಣ್ಣನ್ನು ರಾತ್ರಿ ನೆನೆಸಿಟ್ಟು, ಬೆಳಿಗ್ಗೆ ತೆಳುಬಟ್ಟೆಯಲ್ಲಿ ಸೋಸಿ. ಹರಳು ಉಳಿದರೆ ಎಳೆ ಅಲ್ಲಿ ಒಡೆಯುತ್ತದೆ. ಸೋಸಿದ ಮಣ್ಣಿಗೆ ಫೆವಿಕಾಲ್ ಒಂದೆರಡು ಚಮಚ ಕಲಸಿ, ಮಜ್ಜಿಗೆಯ ಹದಕ್ಕೆ ತಂದು, ಎರಡು ಸಲ ಬಳಿಯಿರಿ. ಮೊದಲ ಬಳಿತ ಪೂರ್ತಿ ಒಣಗಿದ ಮೇಲೆ ಎರಡನೆಯದು. ಒಣಗಿದ ಮೇಲೆ ಬೆರಳಿನಿಂದ ಉಜ್ಜಿ ನೋಡಿ, ಬೆರಳು ಕೆಂಪಾದರೆ ಗೋಂದು ಸಾಲದು.

ಕೆಮ್ಮಣ್ಣು ಸಿಗದಿದ್ದರೆ ಹೊಳಪಿಲ್ಲದ ಕಪ್ಪು ಸನ್ಮೈಕಾ ಒಳ್ಳೆಯದು, ಒರೆಸಿದರೆ ಕ್ಷಣದಲ್ಲಿ ಸ್ವಚ್ಛವಾಗುತ್ತದೆ. ಕಪ್ಪು ಚಾರ್ಟ್ ಪೇಪರ್ ಮಾತ್ರ ಬೇಡ. ಅದರ ನಾರಿನೊಳಗೆ ಪುಡಿ ಹೊಕ್ಕರೆ ಏನು ಮಾಡಿದರೂ ಹೊರಗೆ ಬರುವುದಿಲ್ಲ. ಹಿಂದಿನಿಂದ ಮುಂದಕ್ಕೆ ಚಿತ್ರಿಸುವಾಗ ಇದು ಇನ್ನೂ ದೊಡ್ಡ ತಲೆನೋವು. ಅಳಿಸಿದ ಮೇಲೆ ಉಳಿದ ಬಿಳಿ ಛಾಯೆ, ತಿರುಗಿಸಿ ಓಡಿಸಿದಾಗ ಎಳೆ ಬರುವ ಮೊದಲೇ ಕಾಣಿಸಿಕೊಳ್ಳುತ್ತದೆ. ಮುಂದೆ ಎಲ್ಲಿ ಗೆರೆ ಬರಲಿದೆ ಅಂತ ನೋಡುವವರಿಗೆ ಮೊದಲೇ ಚಾಡಿ ಹೇಳಿದ ಹಾಗೆ.

ಪುಡಿ ಕಲ್ಲಿನದೇ ಇರಲಿ. ಅಕ್ಕಿಹಿಟ್ಟು ಹಗುರ, ಉಸಿರಿಗೇ ಹಾರುತ್ತದೆ. ತೇವ ಹಿಡಿದರೆ ಮುದ್ದೆಯಾಗುತ್ತದೆ, ಎರಡು ತಾಸಿನ ಕೆಲಸದ ನಡುವೆ ಇರುವೆಯೂ ಬರಬಹುದು. ಕಲ್ಲಿನ ಪುಡಿಗೆ ತೂಕ ಇರುತ್ತದೆ, ಬಿದ್ದಲ್ಲಿ ಕೂರುತ್ತದೆ. ಸಣ್ಣ ಜರಡಿಯಲ್ಲಿ ಒಮ್ಮೆ ಹಿಡಿಯಿರಿ, ಹಿಡಿಯುವಾಗ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ.

ಅಳಿಸಲು ಒಂದು ಮೃದು ಕುಂಚ, ಇಯರ್ ಬಡ್ಸ್ (ಕಿವಿ ಒರೆಸುವ ಹತ್ತಿಯ ಕಡ್ಡಿ), ಮತ್ತು ಒಂದು ಉಂಡೆ ಗೋಧಿಹಿಟ್ಟು. ಕೊನೆಯದು ಅಕ್ಕನ ಉಪಾಯ. ಕುಂಚದಿಂದ ಗುಡಿಸಿದರೆ ಪುಡಿ ಅಕ್ಕಪಕ್ಕಕ್ಕೆ ಹರಡುತ್ತಿತ್ತು. ಅವಳು ಪೂರಿ ಹಿಟ್ಟಿನ ಹಾಗೆ ಗಟ್ಟಿಯಾಗಿ ಕಲಸಿ, ನಿಂಬೆ ಗಾತ್ರದ ಉಂಡೆ ಮಾಡಿ, "ಒರೆಸಬ್ಯಾಡ, ಒತ್ತಿ ಎತ್ತು" ಅಂದಳು. ಉಂಡೆ ಪುಡಿಯನ್ನು ಮೇಲಕ್ಕೆ ಎತ್ತಿಕೊಂಡು ಬರುತ್ತದೆ, ಮಣ್ಣಿನ ಮೇಲೆ ಏನೂ ಉಳಿಯುವುದಿಲ್ಲ. ಬೆಳ್ಳಗಾದ ಮುಖವನ್ನು ಒಳಕ್ಕೆ ಮಡಚಿ ಮತ್ತೆ ಬಳಸಿ. ಹಿಟ್ಟು ಮೆತ್ತಗಿದ್ದರೆ ಮಾತ್ರ ತೇವದ ಕಲೆ ಬೀಳುತ್ತದೆ, ಹಲಗೆಯ ಮೂಲೆಯಲ್ಲಿ ಪರೀಕ್ಷಿಸಿ.

ಸ್ಟೂಲು, ಫೋನು, ದೀಪ

ಮನೆಯಲ್ಲಿರುವ ಪ್ಲಾಸ್ಟಿಕ್ ಸ್ಟೂಲಿನ ನಡುವೆ ಒಂದು ತೂತು ಇರುತ್ತದಲ್ಲ, ಎತ್ತಿಕೊಳ್ಳಲು ಬೆರಳು ತೂರಿಸುವುದಕ್ಕೆ? ಫೋನಿನ ಕ್ಯಾಮೆರಾ ಆ ತೂತಿನ ಮೇಲೆ ಬರುವಂತೆ ಮಲಗಿಸಿ, ಟೇಪ್ ಹಚ್ಚಿ. ಸ್ಟೂಲು ಸುಮಾರು 45 ಸೆಂ.ಮೀ. ಎತ್ತರ ಇರುತ್ತದೆ, ನಮಗೆ ಬೇಕಾದಷ್ಟೇ. ಪರದೆ ಮೇಲ್ಮುಖವಾಗಿರುವುದರಿಂದ ಏನು ಕಾಣುತ್ತಿದೆ ಅಂತ ನೋಡುತ್ತಲೂ ಇರಬಹುದು. ಹಲಗೆಯನ್ನು ಕಾಲುಗಳ ನಡುವೆ ತೂರಿಸಿ. ಸ್ಟೂಲಿನ ನಾಲ್ಕು ಕಾಲು, ಹಲಗೆಯ ನಾಲ್ಕು ಮೂಲೆ, ಎಲ್ಲವನ್ನೂ ನೆಲಕ್ಕೆ ಟೇಪಿನಿಂದ ಬಿಗಿಯಿರಿ. ಮೇಜಿನ ಮೇಲೆ ಮಾಡುವುದಕ್ಕಿಂತ ನೆಲವೇ ಮೇಲು, ನೆಲ ಅಲ್ಲಾಡುವುದಿಲ್ಲ.

ಫೋನಿನ ಮುಖ್ಯ ಲೆನ್ಸ್ ಬಳಸಿ. ಅತಿ ಅಗಲದ ಲೆನ್ಸ್ ಅಂಚುಗಳನ್ನು ಬಗ್ಗಿಸುತ್ತದೆ. ಮುಖ್ಯ ಲೆನ್ಸಿನಲ್ಲಿ ಸ್ಟೂಲಿನ ಕಾಲುಗಳೂ ಚೌಕಟ್ಟಿಗೆ ಬರುತ್ತವೆ, ಚಿಂತೆ ಬೇಡ. 12 ಮೆಗಾಪಿಕ್ಸೆಲ್ ಫೋಟೊ ಸುಮಾರು 4,000 ಪಿಕ್ಸೆಲ್ ಅಗಲ, ವಿಡಿಯೊಗೆ ಬೇಕಾದದ್ದು 1,920. ಅರ್ಧ ಕತ್ತರಿಸಿ ಎಸೆದರೂ ಸಾಕಷ್ಟು ಉಳಿಯುತ್ತದೆ.

ಕೆಲಸ ರಾತ್ರಿ ಮಾಡಿ. ಹಗಲಿನಲ್ಲಿ ಕಿಟಕಿಯ ಬೆಳಕು ಮೋಡ ಬಂದಾಗೊಮ್ಮೆ, ಹೋದಾಗೊಮ್ಮೆ ಬದಲಾಗುತ್ತದೆ. ಕಣ್ಣಿಗೆ ಗೊತ್ತಾಗುವುದಿಲ್ಲ, ಆದರೆ ಫೋಟೊಗಳನ್ನು ಓಡಿಸಿದಾಗ ಚಿತ್ರ ಮಿಣಕ್ ಮಿಣಕ್ ಅನ್ನುತ್ತದೆ. ಒಂದು ಟೇಬಲ್ ಲ್ಯಾಂಪನ್ನು ಎಡಗಡೆ, ನೆಲದಿಂದ ಹೆಚ್ಚು ಎತ್ತರವಿಲ್ಲದೆ, ಸ್ಟೂಲಿನ ಎರಡು ಕಾಲುಗಳ ನಡುವಿನಿಂದ ಓರೆಯಾಗಿ ಬೀಳುವಂತೆ ಇಡಿ. ಓರೆ ಬೆಳಕಿನಲ್ಲಿ ಪುಡಿಯ ಉಬ್ಬು, ಎಳ್ಳಿನ ಪುಟ್ಟ ನೆರಳು ಎದ್ದು ಕಾಣುತ್ತವೆ. ಮೇಲಿಂದ ನೇರ ಬೆಳಕು ಹಾಕಿದರೆ ಪುಡಿ ಸುಣ್ಣ ಬಳಿದಂತೆ ಚಪ್ಪಟೆ. ಬಲಗಡೆ ಒಂದು ಥರ್ಮಾಕೋಲ್ ಹಾಳೆ ನಿಲ್ಲಿಸಿದರೆ ನೆರಳು ತೀರ ಕಪ್ಪಾಗುವುದಿಲ್ಲ.

ಈಗ ಫೋನಿನ ಸ್ವಂತ ಬುದ್ಧಿಯನ್ನು ಕಟ್ಟಿಹಾಕಬೇಕು. ಫೋಕಸ್, ಎಕ್ಸ್‌ಪೋಷರ್, ವೈಟ್ ಬ್ಯಾಲೆನ್ಸ್ (ಅಂದರೆ ಚಿತ್ರದ ಸ್ಪಷ್ಟತೆ, ಬೆಳಕಿನ ಪ್ರಮಾಣ, ಬಣ್ಣದ ಛಾಯೆ) ಮೂರನ್ನೂ ಲಾಕ್ ಮಾಡಿ. ಕ್ಯಾಮೆರಾದ ಪ್ರೊ ಮೋಡಿನಲ್ಲಿ ಇದು ಬರುತ್ತದೆ. ಸ್ಟಾಪ್ ಮೋಷನ್ ಸ್ಟುಡಿಯೊ ಥರದ ಆಪ್ ಇದ್ದರೆ ಇನ್ನೂ ಸುಲಭ, ಹಿಂದಿನ ಫೋಟೊವನ್ನು ಪರದೆಯ ಮೇಲೆ ತೆಳುವಾಗಿ ತೋರಿಸುವ ಸೌಲಭ್ಯವೂ ಅದರಲ್ಲಿದೆ. ನಮ್ಮ ಮನೆಗಳ ಕರೆಂಟು 50 ಹರ್ಟ್ಸ್‌ನದು, ಅಗ್ಗದ ಎಲ್‌ಇಡಿ ದೀಪ ಸೆಕೆಂಡಿಗೆ 100 ಸಲ ಮಿಡಿಯುತ್ತದೆ. ಶಟರ್ ವೇಗವನ್ನು, ಅಂದರೆ ಕ್ಯಾಮೆರಾ ಬೆಳಕಿಗೆ ತೆರೆದಿರುವ ಹೊತ್ತನ್ನು, 1/50 ಅಥವಾ 1/25 ಸೆಕೆಂಡಿಗೆ ಇಟ್ಟರೆ ಆ ಮಿಡಿತ ಫೋಟೊದಲ್ಲಿ ಸಿಕ್ಕಿಕೊಳ್ಳುವುದಿಲ್ಲ.

ಬೆರಳಿನಿಂದ ಬಟನ್ ಒತ್ತಬೇಡಿ. ತಂತಿಯ ಇಯರ್‌ಫೋನ್ ಇದ್ದರೆ ಅದರ ವಾಲ್ಯೂಮ್ ಬಟನ್ನಿನಿಂದ ಹೆಚ್ಚಿನ ಫೋನುಗಳಲ್ಲಿ ಫೋಟೊ ಬೀಳುತ್ತದೆ, ಬ್ಲೂಟೂತ್ ರಿಮೋಟ್ ಇದ್ದರೆ ಇನ್ನೂ ಒಳ್ಳೆಯದು. ಫೋನು ಏರ್‌ಪ್ಲೇನ್ ಮೋಡಿನಲ್ಲಿರಲಿ. ಎರಡನೇ ಸಲ ನಲವತ್ತು ಫೋಟೊ ಆದಮೇಲೆ ಸಾಲ ಬೇಕೇ ಅಂತ ಕೇಳುವ ಕರೆಯೊಂದು ಬಂತು, ಫೋನು ಸ್ಟೂಲಿನ ಮೇಲೆ ಗುರ್ರ್ ಅಂತ ನಡುಗಿ ಅರ್ಧ ಸೆಂಟಿಮೀಟರು ಸರಿಯಿತು. ಅಲ್ಲಿಗೆ ಆ ರಾತ್ರಿಯ ಕೆಲಸ ಮುಗಿಯಿತು.

ಇನ್ನು ಫ್ಯಾನು. ಅದು ಬಂದ್ ಇರಲೇಬೇಕು. ಏಪ್ರಿಲಿನ ಸೆಕೆಯಲ್ಲಿ ಕಿಟಕಿ ಮುಚ್ಚಿ, ಫ್ಯಾನು ಆರಿಸಿ ಕೂತ ಅಕ್ಕ, "ಲೋಗೊ ಆಗೂದ್ರಾಗ ನಾನs ಬೆಂದ ರೊಟ್ಟಿ ಆಗ್ತೀನಿ" ಅಂದಳು. ಚಳಿಗಾಲದಲ್ಲಿ ಮಾಡಿಕೊಳ್ಳಿ. ಬಟ್ಟೆ ಕಡು ಬಣ್ಣದ್ದಿರಲಿ. ಅಕ್ಕ ಹಳದಿ ಸೀರೆಯುಟ್ಟು ಬಗ್ಗಿದಾಗಲೆಲ್ಲ ಹಲಗೆಯ ಒಂದು ಬದಿ ಅರಿಶಿನ ಬಳಿದ ಹಾಗೆ ಕಾಣುತ್ತಿತ್ತು. ಪ್ರತಿ ಫೋಟೊಗೂ ಎದ್ದು ಅದೇ ಜಾಗಕ್ಕೆ ಹಿಂದೆ ಸರಿದು ನಿಲ್ಲುವ ಅಭ್ಯಾಸ ಮಾಡಿಕೊಂಡರೆ ಇನ್ನೂ ಕ್ಷೇಮ.

ಚೌಕಟ್ಟಿನ ಲೆಕ್ಕ

ಸಿನಿಮಾ ಸೆಕೆಂಡಿಗೆ 24 ಚೌಕಟ್ಟು ಓಡುತ್ತದೆ. ಕೈಕೆಲಸದ ಅನಿಮೇಷನ್ನಿಗೆ 12 ಸಾಕು, ಒಂದೊಂದು ಫೋಟೊ ಎರಡೆರಡು ಚೌಕಟ್ಟು ನಿಲ್ಲುತ್ತದೆ. ಆ ಸಣ್ಣ ಕುಪ್ಪಳಿಕೆಯಲ್ಲೇ ಕೈಯ ಗುರುತು ಇರುವುದು. 24 ಫೋಟೊ ತೆಗೆದು ನುಣ್ಣಗೆ ಮಾಡಲು ಹೋದರೆ ಕೆಲಸ ಇಮ್ಮಡಿ, ಫಲ ಕಂಪ್ಯೂಟರಿನಲ್ಲಿ ಮಾಡಿದ ಹಾಗೆ.

ನಮ್ಮದು 6 ಸೆಕೆಂಡಿನ ಲೋಗೊ, ಅಂದರೆ 72. ನೋಡುವವರಿಗೆ ಕಾಣುವ ಕ್ರಮದಲ್ಲಿ ಹೇಳುವುದಾದರೆ: ಬರಿಯ ಕೆಮ್ಮಣ್ಣು 6, ಒಂದೊಂದಾಗಿ ಬೀಳುವ ಒಂಬತ್ತು ಚುಕ್ಕಿ 9, ಚುಕ್ಕಿಗಳನ್ನು ಕೂಡಿಸುತ್ತ ಹೋಗುವ ಎಳೆ 24 (ಗುಂಡಿಗೆ 18, ತಲೆಕಟ್ಟಿಗೆ 6), ಎಳ್ಳು ಬಂದು ಕೂರುವುದು 9, ಪೂರ್ಣ ಲೋಗೊ ನಿಲ್ಲುವುದು 24. ನಿಲ್ಲುವುದಕ್ಕೆ ಎರಡು ಸೆಕೆಂಡು ಪೂರ್ತಿ ಕೊಡಿ. ಎಲ್ಲರೂ ಇಲ್ಲೇ ಜಿಪುಣತನ ಮಾಡುವುದು. ಅಕ್ಷರ ಮೂಡುವ ಚೆಂದ ನಮಗೆ ಮುಖ್ಯ, ನೋಡುವವರಿಗೆ ಅದನ್ನು ಓದಲು ಸಮಯ ಬೇಕು.

ಕೊನೆಯ 24ಕ್ಕೆ ಒಂದೇ ಫೋಟೊ ನಿಲ್ಲಿಸಿದರೆ ಅಷ್ಟೊತ್ತು ಉಸಿರಾಡುತ್ತಿದ್ದ ಚಿತ್ರ ಒಮ್ಮೆಲೇ ಸತ್ತುಹೋಗುತ್ತದೆ. ಆರು ಫೋಟೊ ತೆಗೆಯಿರಿ, ಪ್ರತಿಯೊಂದರ ನಡುವೆ ಹಲಗೆಯ ಅಂಚಿಗೆ ಬೆರಳಿನಿಂದ ಹಗುರವಾಗಿ ಒಂದು ತಟ್ಟು ತಟ್ಟಿ. ಪುಡಿಯ ಕಣಗಳು ಕೂದಲೆಳೆಯಷ್ಟು ಕದಲುತ್ತವೆ. ಆ ಆರನ್ನು ನಾಲ್ಕು ಸಲ ಸುತ್ತಿಸಿದರೆ 24 ಆಯಿತು. ಹಾಗಾಗಿ ನಿಜವಾಗಿ ತೆಗೆಯಬೇಕಾದ ಫೋಟೊ 54 ಮಾತ್ರ. ಈ ಲೆಕ್ಕವನ್ನು ಹಾಳೆಯ ಮೇಲೆ 1ರಿಂದ 54ರವರೆಗೆ ಬರೆದು, ತೆಗೆದದ್ದಕ್ಕೆ ಗುರುತು ಹಾಕುತ್ತ ಹೋಗಿ. ತಲೆಯಲ್ಲಿ ಇಟ್ಟುಕೊಂಡರೆ ಮೂವತ್ತರ ಹೊತ್ತಿಗೆ ಮರೆತಿರುತ್ತೀರಿ.

ಚಿತ್ರೀಕರಣ, ಕೊನೆಯಿಂದ ಮೊದಲಿಗೆ

ಹಲಗೆಯನ್ನು ಬಿಗಿದ ಮೇಲೆ ಅಕ್ಷರ ಬಿಡಿಸಿ, ಮೊದಲೇ ಬಿಡಿಸಿ ತರಬೇಡಿ. ಸ್ಟೂಲಿನ ಕೆಳಗೆ ಕೈ ತೂರಿಸಿ ಎಳೆಯುವುದು ಕಷ್ಟ ಅನ್ನಿಸಿದರೆ ಸ್ಟೂಲನ್ನು ಪಕ್ಕಕ್ಕಿಟ್ಟು ಎಳೆದು, ಟೇಪಿನ ಗುರುತಿಗೆ ಸರಿಯಾಗಿ ವಾಪಸ್ ಇಡಿ. ಎಳೆ ಬಿಡುವಾಗ ಹೆಬ್ಬೆರಳು ತೋರುಬೆರಳುಗಳ ನಡುವಿನಿಂದ ಪುಡಿ ಸರಾಗವಾಗಿ ಇಳಿಯಬೇಕು. ರೂಢಿ ಇಲ್ಲದಿದ್ದರೆ ಮನೆಯಲ್ಲಿ ರಂಗೋಲಿ ಹಾಕುವವರನ್ನೇ ಕರೆಯಿರಿ. ನಾನು ಮೆಹಂದಿ ಕೋನಿನ ಹಾಗೆ ಕಾಗದದ ಕೋನು ಮಾಡಿಯೂ ನೋಡಿದೆ. ಎಳೆ ಎಲ್ಲ ಕಡೆ ಒಂದೇ ದಪ್ಪ ಬಂತು, ಆದರೆ ಜೀವ ಇರಲಿಲ್ಲ. ಅಕ್ಕನ ಗುಂಡು ಎಡಕ್ಕೆ ತುಸು ದಪ್ಪ, ಕೊನೆಯಲ್ಲಿ ತುಸು ಸೊರಗಿತ್ತು. ಅದನ್ನೇ ಉಳಿಸಿಕೊಂಡೆವು.

ಗುಂಡಿನೊಳಗೆ ಹದಿನೈದು ಇಪ್ಪತ್ತು ಕರಿ ಎಳ್ಳು ಇಡಿ. ಮೊದಲು ಸಾಸಿವೆ ಹಾಕೋಣ ಅಂದುಕೊಂಡಿದ್ದೆ, ಗುಂಡಗಿರುವುದರಿಂದ ಉರುಳಿಹೋಗುತ್ತದೆ. ಎಳ್ಳು ಚಪ್ಪಟೆ, ಇಟ್ಟಲ್ಲೇ ಇರುತ್ತದೆ. ಲೋಗೊ ಒಪ್ಪುವಂತಾಯಿತೇ? ಫೋಟೊ ತೆಗೆದು ಹೆಬ್ಬೆರಳಿನ ಉಗುರಿನಷ್ಟು ಚಿಕ್ಕದು ಮಾಡಿ ನೋಡಿ. ಆಗಲೂ 'ರ' ಅಂತ ಓದಲು ಬಂದರೆ ಶುರು ಮಾಡಬಹುದು.

ಮೊದಲು ಪೂರ್ಣ ಲೋಗೊದ ಆ ಆರು ಫೋಟೊ ಮುಗಿಸಿ. ಆಮೇಲೆ ಎಳ್ಳು. ಪರದೆಯ ಮೇಲೆ ಎಳ್ಳು ಹೊರಗಿನಿಂದ ಜೋರಾಗಿ ಬಂದು, ನಿಧಾನವಾಗಿ ತನ್ನ ಜಾಗದಲ್ಲಿ ಕೂರಬೇಕು. ನಾವು ಹಿಂದೆ ಹೋಗುತ್ತಿರುವುದರಿಂದ ಮೊದಲ ಫೋಟೊಗಳಲ್ಲಿ ಸ್ವಲ್ಪ ಸರಿಸಬೇಕು, ಬರಬರುತ್ತ ಹೆಚ್ಚು: 2 ಮಿ.ಮೀ., 4 ಮಿ.ಮೀ., 1 ಸೆಂ.ಮೀ., 2 ಸೆಂ.ಮೀ., ಆಮೇಲೆ ದೊಡ್ಡ ನೆಗೆತದಲ್ಲಿ ಚೌಕಟ್ಟಿನಾಚೆ. ಎಲ್ಲ ಎಳ್ಳನ್ನೂ ಒಟ್ಟಿಗೆ ಕದಲಿಸಬೇಡಿ. ನಾಲ್ಕೈದು ಮೊದಲು ಹೊರಡಲಿ, ಉಳಿದವು ಒಂದೆರಡು ಫೋಟೊ ತಡವಾಗಿ. ಒದ್ದೆ ಮಾಡಿದ ಕಡ್ಡಿಯ ತುದಿಗೆ ಎಳ್ಳು ಅಂಟಿಕೊಂಡು ಬರುತ್ತದೆ. ಎಳೆಯನ್ನು ದಾಟಿಸುವಾಗ ಎತ್ತಿ ದಾಟಿಸಿ, ಎಳೆದರೆ ಪುಡಿಯಲ್ಲಿ ದಾರಿ ಬೀಳುತ್ತದೆ.

ಎಳೆ ಅಳಿಸುವುದು ಈ ಕೆಲಸದ ಹೃದಯ. ಮೊದಲು ತಲೆಕಟ್ಟು, ಅದರ ತುದಿಯಿಂದ ಶುರು ಮಾಡಿ ಆರು ಫೋಟೊಗಳಲ್ಲಿ ಮುಗಿಸಿ. ಆಮೇಲೆ ಗುಂಡು, ಕೈ ಎಲ್ಲಿ ಎಳೆ ಮುಗಿಸಿತ್ತೋ ಅಲ್ಲಿಂದ ಹಿಂದಕ್ಕೆ. 9 ಸೆಂ.ಮೀ. ಅಡ್ಡಳತೆಯ ಗುಂಡಿನ ಸುತ್ತಳತೆ ಸುಮಾರು 28 ಸೆಂ.ಮೀ. ಅದನ್ನು 18 ಸಮಪಾಲು ಮಾಡಿದರೆ ಯಂತ್ರ ಬರೆದ ಹಾಗೆ ಕಾಣುತ್ತದೆ. ಕೈ ಹಾಗೆ ಬರೆಯುವುದಿಲ್ಲ, ಶುರುವಿನಲ್ಲಿ ತಡವರಿಸುತ್ತದೆ, ನಡುವೆ ಓಡುತ್ತದೆ, ಮುಗಿಸುವಾಗ ಮತ್ತೆ ನಿಧಾನ. ನಾನು ಹಂಚಿದ್ದು ಹೀಗೆ, ಸೆಂಟಿಮೀಟರಿನಲ್ಲಿ: ಅರ್ಧ, ಅರ್ಧ, 1, 1, ಒಂದೂವರೆ, 2, ಆಮೇಲೆ ಆರು ಸಲ ಎರಡೂವರೆ, ಮತ್ತೆ ಇಳಿಯುತ್ತ 2, ಒಂದೂವರೆ, 1, 1, ಅರ್ಧ, ಅರ್ಧ.

ಅಳತೆ ತಪ್ಪದಿರಲು ರಟ್ಟಿನಲ್ಲಿ 7 ಸೆಂ.ಮೀ. ಅಡ್ಡಳತೆಯ ಬಿಲ್ಲೆ ಕತ್ತರಿಸಿ, ಅಂಚಿಗೆ ಈ 18 ಗುರುತುಗಳನ್ನು ಹಾಕಿಕೊಳ್ಳಿ. ಬಿಲ್ಲೆ ಚಿಕ್ಕದಾದ್ದರಿಂದ ಅಂಚಿನ ಮೇಲಿನ ಅಂತರ ಅದೇ ಪ್ರಮಾಣದಲ್ಲಿ ಕಡಿಮೆಯಾಗಬೇಕು. 9 ಸೆಂ.ಮೀ. ವೃತ್ತವನ್ನು ಹಾಳೆಯಲ್ಲಿ ಬರೆದು, ಗುರುತು ಹಾಕಿ, ಕೇಂದ್ರಕ್ಕೆ ಗೆರೆ ಎಳೆದು, ಬಿಲ್ಲೆಯನ್ನು ಅದರ ಮೇಲಿಟ್ಟರೆ ತಾನೇ ಸಿಗುತ್ತದೆ. ಎಳ್ಳು ತೆಗೆದಾಗಿದೆ, ಗುಂಡಿನ ನಡು ಖಾಲಿ. ಬಿಲ್ಲೆಯನ್ನು ಅಲ್ಲಿಟ್ಟು, ಗುರುತಿನವರೆಗೆ ಹಿಟ್ಟಿನ ಉಂಡೆಯಿಂದ ಪುಡಿ ಎತ್ತಿ, ಬಿಲ್ಲೆ ತೆಗೆದು, ಫೋಟೊ. ಬಿಲ್ಲೆ ತೆಗೆಯಲು ಮರೆತು ಫೋಟೊ ತೆಗೆಯುವುದು ಖಂಡಿತ. ಒಮ್ಮೆಯಾದರೂ ಆಗುತ್ತದೆ, ಆ ಫೋಟೊ ಅಳಿಸಿ ಮುಂದೆ ಹೋಗಿ. ಎಳೆಯ ತುಂಡಾದ ತುದಿಯನ್ನು ಇಯರ್ ಬಡ್ಸಿನಿಂದ ಚೂಪು ಮಾಡಿದರೆ ಪುಡಿ ಆಗಷ್ಟೇ ಬೆರಳಿನಿಂದ ಇಳಿದ ಹಾಗೆ ಕಾಣುತ್ತದೆ. ಚೌಕಾಕಾರವಾಗಿ ಬಿಟ್ಟರೆ ಚಾಕುವಿನಿಂದ ಕತ್ತರಿಸಿದಂತಿರುತ್ತದೆ.

ಚುಕ್ಕಿಗಳು ಎಲ್ಲಿಂದ ಬಂದವು? ಗುಂಡಿನ ಮೇಲೆ ಸಮ ಅಂತರದಲ್ಲಿ ಎಂಟು, ತಲೆಕಟ್ಟಿನ ತುದಿಯಲ್ಲಿ ಒಂದು. ಎಳೆ ಅಳಿಸುತ್ತ ಹೋಗುವಾಗ ಚುಕ್ಕಿಯ ಜಾಗ ಬಂದರೆ ಅಲ್ಲಿ ಒಂದು ಚಿಟಿಕೆ ಪುಡಿ ಇಡಿ, ಆಮೇಲೆ ಫೋಟೊ. ಎಳೆ ಪೂರ್ತಿ ಹೋದಾಗ ಒಂಬತ್ತು ಚುಕ್ಕಿ ಮಾತ್ರ ಉಳಿದಿರುತ್ತವೆ. ಅವನ್ನೂ ಒಂದೊಂದಾಗಿ ಎತ್ತುತ್ತ ಫೋಟೊ ತೆಗೆಯಿರಿ. ಎತ್ತುವ ಮೊದಲು ಒಂದು, ಎತ್ತಿದ ಮೇಲೆ ಒಂದು ಅಂತ ಲೆಕ್ಕ ಗೊಂದಲ ಮಾಡಿಕೊಳ್ಳಬೇಡಿ. ಪ್ರತಿ ಚುಕ್ಕಿಗೂ ಒಂದೇ ಫೋಟೊ, ಎತ್ತುವ ಮೊದಲು. ಕೊನೆಗೆ ಬರಿಯ ಹಲಗೆಯದು ಆರು. ನಮಗೆ ಎಲ್ಲ ಸೇರಿ ಎರಡೂವರೆ ತಾಸು ಹಿಡಿಯಿತು.

ನಡುವೆ ಸ್ಟೂಲಿಗೆ ಕಾಲು ತಾಗಿದರೆ ಗಾಬರಿ ಬೇಡ. ಆಪಿನಲ್ಲಿ ಹಿಂದಿನ ಫೋಟೊವನ್ನು ತೆಳುವಾಗಿ ಮೇಲೆ ತೋರಿಸಿಕೊಂಡು, ಹಲಗೆಯ ಅಂಚು ಅಂಚಿಗೆ ಕೂರುವವರೆಗೆ ಸರಿಹೊಂದಿಸಿ. ಒಂದು ಮಿಲಿಮೀಟರ್ ವ್ಯತ್ಯಾಸವನ್ನು ಕಂಪ್ಯೂಟರಿನಲ್ಲಿ ತಿದ್ದಬಹುದು. ಬೆಳಕು ಸರಿದರೆ ತಿದ್ದುವುದು ಕಷ್ಟ, ದೀಪದ ಬುಡಕ್ಕೂ ಟೇಪ್ ಹಚ್ಚಿದ್ದೀರಲ್ಲ?

ಜೋಡಣೆ ಮತ್ತು ಸದ್ದು

ಆಪಿನಲ್ಲೇ ತೆಗೆದಿದ್ದರೆ ಕೆಲವರು ಅಲ್ಲೇ ಮುಗಿಸುತ್ತಾರೆ. ನಾನು ಫೋಟೊಗಳನ್ನು ಕಂಪ್ಯೂಟರಿಗೆ ಹಾಕಿಕೊಂಡು, ವಿಡಿಯೊ ಜೋಡಿಸುವ ತಂತ್ರಾಂಶ ಡಾವಿಂಚಿ ರಿಸಾಲ್ವ್‌ನಲ್ಲಿ ಜೋಡಿಸಿದೆ, ಅದರ ಉಚಿತ ಆವೃತ್ತಿ ಸಾಕು. ಕ್ರಮಸಂಖ್ಯೆಯ ಫೋಟೊಗಳನ್ನು ಅದು ಒಂದೇ ಕ್ಲಿಪ್ಪಾಗಿ ಓದುತ್ತದೆ. ಪ್ರಾಜೆಕ್ಟಿನ ವೇಗ 24 ಅಂತ ಮೊದಲೇ ಇಟ್ಟುಬಿಡಿ, ಫೋಟೊ ಹಾಕಿದ ಮೇಲೆ ಬದಲಿಸಲು ಬಿಡುವುದಿಲ್ಲ. ಕ್ಲಿಪ್ಪನ್ನು ಉಲ್ಟಾ ಮಾಡಿ, ವೇಗ ಅರ್ಧಕ್ಕೆ ಇಳಿಸಿ. ಇಲ್ಲೊಂದು ಬಲೆ ಇದೆ. ವೇಗ ಇಳಿಸಿದಾಗ ತಂತ್ರಾಂಶ ಎರಡು ಫೋಟೊಗಳನ್ನು ಕಲಸಿ ನಡುವಿನದೊಂದನ್ನು ತಾನೇ ಹುಟ್ಟಿಸಬಹುದು, ಆಗ ಎಳ್ಳೆಲ್ಲ ಮಸುಕು ಮಸುಕು. ಚೌಕಟ್ಟುಗಳನ್ನು ಕಲಸದೆ ಇದ್ದದ್ದನ್ನೇ ಎರಡು ಸಲ ತೋರಿಸುವಂತೆ ಆಯ್ಕೆ ಮಾಡಿ. ಪೂರ್ಣ ಲೋಗೊದ ಕೊನೆಯ ಆರನ್ನು ನಾಲ್ಕು ಸಲ ಹಾಕಿ. ಬಣ್ಣ ತಿದ್ದುವುದಾದರೆ ಇಡೀ ಕ್ಲಿಪ್ಪಿಗೆ ಒಂದೇ ಸಲ, ಫೋಟೊ ಫೋಟೊಗೆ ಬೇಡ.

ಸದ್ದಿಗೆ ಸಿನಿಮಾ ಹಾಡಿನ ತುಣುಕು ಹಾಕಬೇಡಿ, ಹಕ್ಕುಸ್ವಾಮ್ಯದ ನೋಟಿಸ್ ಬರುತ್ತದೆ. ನಾವು ಬಳಸಿದ್ದು ರೊಟ್ಟಿ ತಟ್ಟುವ ಸದ್ದು. ಅಕ್ಕ ಕೊಣಮಿಗೆಯಲ್ಲಿ ತಟ್ಟುತ್ತಿದ್ದರೆ ಅಂಗೈಯ ತಪ್ ತಪ್ ಜೊತೆಗೆ ಬಳೆಯೂ ತಾಳ ಹಾಕುತ್ತದೆ. ಬೇರೊಂದು ಫೋನನ್ನು ಒಂದು ಮೊಳ ದೂರದಲ್ಲಿಟ್ಟು ಎರಡು ನಿಮಿಷ ರೆಕಾರ್ಡ್ ಮಾಡಿ, ಅದರಲ್ಲಿ ಚೆನ್ನಾಗಿರುವ ಆರು ಸೆಕೆಂಡು ಆರಿಸಿದೆ. ಎಳೆ ಓಡುವಾಗ ತಟ್ಟು, ಎಳ್ಳು ಕೂರುವ ಚೌಕಟ್ಟಿಗೆ ಸರಿಯಾಗಿ ಕೊನೆಯ ಗಟ್ಟಿ ತಟ್ಟು, ಆಮೇಲೆ ಎರಡು ಸೆಕೆಂಡು ಬಳೆಯ ಕಿಣಿಕಿಣಿ ಅಷ್ಟೆ. ಫ್ರಿಜ್ ಬಂದ್ ಮಾಡಿ ರೆಕಾರ್ಡ್ ಮಾಡಿ, ಅದರ ಗುಂಯ್ ಸದ್ದು ನಮಗೆ ರೂಢಿಯಾಗಿ ಕೇಳಿಸುವುದಿಲ್ಲ, ಮೈಕಿಗೆ ಕೇಳಿಸುತ್ತದೆ.

ಅಡ್ಡ ವಿಡಿಯೊ 1920 × 1080, ರೀಲ್ಸ್‌ಗೆ 1080 × 1920, ಎರಡೂ ಎಂಪಿ4. ಜೊತೆಗೆ ಎಳೆ ಅರ್ಧ ಆದಲ್ಲಿಂದ ಶುರುವಾಗುವ, ನಾಲ್ಕು ಸೆಕೆಂಡಿಗಿಂತ ತುಸು ಕಡಿಮೆಯ ಚಿಕ್ಕ ಆವೃತ್ತಿಯೂ ಇರಲಿ. ಪ್ರತಿ ವಾರ ನೋಡುವವರಿಗೆ ಆರು ಸೆಕೆಂಡು ಉದ್ದವಾಯಿತು. ಪೂರ್ಣ ಲೋಗೊದ ಒಂದು ಫೋಟೊವನ್ನು ಚೌಕಾಕಾರವಾಗಿ ಕತ್ತರಿಸಿದರೆ ಚಾನೆಲ್ಲಿನ ಗುರುತಿನ ಚಿತ್ರವೂ ಸಿದ್ಧ.

ಅಳಿಸಲು ಬಾರದ ಮಾಧ್ಯಮವಾದರೆ

ಆಗ ಮುಂದಕ್ಕೇ ಚಿತ್ರಿಸಬೇಕು, ಹಾಗಾಗಿ ಎರಡು ಮೂರು ಸಲ ಅಭ್ಯಾಸ ಮಾಡಿಕೊಂಡೇ ಕೂರಬೇಕು. ಸಾಗರ, ಸೊರಬದ ಕಡೆಯ ದೀವರ ಹೆಣ್ಣುಮಕ್ಕಳು ಕೆಮ್ಮಣ್ಣಿನ ಗೋಡೆಯ ಮೇಲೆ ಅಕ್ಕಿಹಿಟ್ಟಿನ ಬಿಳಿಯಲ್ಲಿ, ಪುಂಡಿನಾರಿನ ಕುಂಚದಿಂದ ಬರೆಯುವ ಹಸೆ ಚಿತ್ತಾರ ಇಂಥದಕ್ಕೆ ಸೊಗಸು. ಅದರಲ್ಲಿ ನೇರ ಗೆರೆಗಳೇ ಹೆಚ್ಚಾದ್ದರಿಂದ ಒಂದು ಗೆರೆಗೆ ಒಂದು ಫೋಟೊ ಅಂದರೂ ನಡೆಯುತ್ತದೆ. ಒದ್ದೆ ಲೇಪ ಒಣಗುತ್ತ ಬೆಳ್ಳಗಾಗುತ್ತದೆ, ಪ್ರತಿ ಗೆರೆಗೂ ಒಣಗುವಷ್ಟು ಕಾಯದಿದ್ದರೆ ಬಣ್ಣ ಏರಿಳಿಯುತ್ತದೆ.

ನನಗೆ ಮುಂದೆ ಮಾಡಬೇಕೆಂದಿರುವುದು ಕಸೂತಿ. ಅದರ ಗವಂತಿ ಹೊಲಿಗೆ ಎರಡು ಸುತ್ತಿನದು. ಹೋಗುವಾಗ ದಾರ ಒಂದು ಬಿಟ್ಟು ಒಂದು ಬೀಳುತ್ತದೆ, ವಾಪಸ್ ಬರುವಾಗ ಬಿಟ್ಟ ಜಾಗಗಳನ್ನು ತುಂಬುತ್ತದೆ. ಅನಿಮೇಷನ್ನಿಗೆ ಬೇಕಾದ ಕಥೆ ಹೊಲಿಗೆಯೊಳಗೇ ಇದೆ: ಮೊದಲ ಸುತ್ತಿನಲ್ಲಿ ಅಕ್ಷರ ಚುಕ್ಕಿ ಚುಕ್ಕಿಯಾಗಿ ಸುಳಿದು, ಎರಡನೆಯದರಲ್ಲಿ ಪೂರ್ತಿಯಾಗುತ್ತದೆ. ದಾರ ಬಿಚ್ಚುತ್ತ ಹಿಂದಕ್ಕೆ ತೆಗೆಯೋಣ ಅಂದರೆ ಸೂಜಿಯ ತೂತು ಉಳಿಯುತ್ತದೆ. ಬಟ್ಟೆಯನ್ನು ರಿಂಗಿನಲ್ಲಿ ಬಿಗಿದು, ಆ ರಿಂಗು ಪ್ರತಿ ಸಲವೂ ಅದೇ ಜಾಗಕ್ಕೆ ಬರುವ ಹಾಗೆ ಹಲಗೆಗೆ ಮೊಳೆ ಹೊಡೆದು ಗುರುತು ಮಾಡಿಕೊಳ್ಳಬೇಕು, ಯಾಕೆಂದರೆ ಹೊಲಿಯಲು ಎತ್ತಲೇಬೇಕಲ್ಲ.

ಇದ್ದಿಲಿನಲ್ಲಿ ಬರೆದರೆ ಅಳಿಸಬಹುದು, ಆದರೆ ಬೂದು ನೆರಳು ಉಳಿಯುತ್ತದೆ. ಅದು ತೊಂದರೆಯಲ್ಲ, ಅದನ್ನೇ ಚೆಂದ ಅಂದುಕೊಂಡು ಮುಂದಕ್ಕೆ ಚಿತ್ರಿಸಿ.

ಕೆಲಸ ಮುಗಿದ ಮೇಲೆ ಹಲಗೆ ಎಸೆಯಬೇಡಿ. ದೀಪ ಎಷ್ಟು ದೂರ ಇತ್ತು, ಶಟರ್ ಎಷ್ಟಿತ್ತು, ಬಿಲ್ಲೆಯ ಗುರುತುಗಳು ಯಾವ ಅಳತೆಯವು ಅನ್ನುವುದನ್ನು ಹಲಗೆಯ ಹಿಂಬದಿಗೆ ಪೆನ್ಸಿಲಿನಲ್ಲಿ ಬರೆದಿಡಿ. ಟೇಪಿನ ಗುರುತು ಇರುವಾಗಲೇ ನೆಲದ ಒಂದು ಫೋಟೊ ತೆಗೆದಿಟ್ಟುಕೊಳ್ಳಿ. ನಾನು ಬರೆದಿಟ್ಟಿದ್ದರಿಂದ ಬಚಾವಾದೆ. ಜನವರಿ ಬಂದಾಗ ಅಕ್ಕನ ಫೋನು: "ತಮ್ಮಾ, ಸಂಕ್ರಾಂತಿಗೆ ಕರಿ ಎಳ್ಳು ತಗದು ಬಿಳಿ ಎಳ್ಳು, ಬೆಲ್ಲದ ಚೂರು ಹಾಕಿ ಇನ್ನೊಂದು ಮಾಡೋಣೇನು? ಈಗ ಫ್ಯಾನಿನ ತ್ರಾಸೂ ಇಲ್ಲ."